ಒಂದೇ ಚೀಟಿಯ ಲೆಕ್ಕ

ವೈದ್ಯರು ತೀರಿಕೊಂಡರೆ ಅವರ ಕೈಗುಣವನ್ನು ನೆನೆಯುವವರು ಊರೂರಿಗೆ ಇರುತ್ತಾರೆ. ಉಪಾಧ್ಯಾಯರು ತೀರಿಕೊಂಡರೆ ಶಿಷ್ಯರಿರುತ್ತಾರೆ. ಆದರೆ ಸರ್ಕಾರಿ ಆರೋಗ್ಯ ಇಲಾಖೆಯಲ್ಲಿ ಲೆಕ್ಕ ಬರೆದು ಆಯುಷ್ಯವನ್ನು ಕಳೆದವನೊಬ್ಬನನ್ನು ನೆನೆಯುವವರು ಯಾರು? ಆತನು ಯಾರ ನಾಡಿಯನ್ನೂ ಹಿಡಿದವನಲ್ಲ, ಯಾರಿಗೂ ಮದ್ದು ಕೊಟ್ಟವನಲ್ಲ. ಹೀಗಿದ್ದೂ ಅಂಥ ಒಬ್ಬ ಲೆಕ್ಕಿಗರು ಗತಿಸಿದ ದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ನರ್ಸಮ್ಮನವರು ಬಸ್ಸು ಹಿಡಿದು ಬಂದು ಅವರ ಮನೆಯಂಗಳದಲ್ಲಿ ಮೌನವಾಗಿ ಕುಳಿತಿದ್ದರು. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾಗುವದು ಆ ಮಹನೀಯರಿಗೆ ಸೇರುತ್ತಿರಲಿಲ್ಲ. ಆದಕಾರಣ ಸಹೋದ್ಯೋಗಿಗಳೆಲ್ಲ ಕರೆಯುತ್ತಿದ್ದಂತೆ ಇಲ್ಲಿಯೂ ಅವರು ‘ಲೆಕ್ಕದ ಅಣ್ಣನವರು’ ಎಂದೇ ಇರಲಿ.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಮಗ್ಗುಲಿಗೆ ತುಂಗಭದ್ರೆಯ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ. ಇನ್ನೊಂದು ಮಗ್ಗುಲಿಗೆ ಮುಗಿಲನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಭೂಮಿ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಜನರು ಮಕ್ಕಳುಮರಿಗಳೊಡನೆ ಗೋವೆಗೂ ಮಂಗಳೂರಿಗೂ ದುಡಿಯಲು ಹೊರಟುಹೋಗುವರು. ಇಂಥ ಸೀಮೆಯಲ್ಲಿ ಬಡವನಿಗೆ ರೋಗ ಬಂದರೆ ಮೊದಲು ಹೋಗುವದು ಕೂಲಿ, ಆಮೇಲೆ ಆಡು-ಕುರಿ, ಕಡೆಗೆ ಹೊಲ. ಅಣ್ಣನವರ ಸೇವೆಯ ಬಹುಭಾಗವು ಈ ಜನರ ಸಲುವಾಗಿ ಬಂದ ಹಣದ ಲೆಕ್ಕವಿಡುವದರಲ್ಲಿಯೇ ಕಳೆಯಿತು.

ಮೊದಮೊದಲು ಅವರು ಜನಪ್ರಿಯರಾಗಿದ್ದರೆಂದು ಯಾರೂ ಹೇಳಲಾರರು. ತಾಲೂಕಿನ ಆಸ್ಪತ್ರೆಯೊಂದರಲ್ಲಿದ್ದಾಗ ಅವರ ಮೇಜಿನಿಂದ ತಿರುಗಿ ಹೋಗದ ಬಿಲ್ಲೇ ಇರಲಿಲ್ಲ. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹಡೆದ ಗ್ರಾಮೀಣ ಬಡತಾಯಿಗೆ ಈ ರಾಜ್ಯದಲ್ಲಿ 700 ರೂಪಾಯಿ ಸಲ್ಲಬೇಕು. ಗಂಡನ ಮನೆ ಯಲಬುರ್ಗಾ ಕಡೆಗಿದ್ದ ಹೆಣ್ಣುಮಗಳೊಬ್ಬಳು ಚೊಚ್ಚಲ ಹೆರಿಗೆಗೆ ರೂಢಿಯಂತೆ ತವರಿಗೆ ಬಂದು ಆ ಆಸ್ಪತ್ರೆಯಲ್ಲಿ ಹಡೆದಳು. ಹಣ ಕೇಳಲು ಬಂದವಳು ಬಾಣಂತಿಯ ತಾಯಿ. ಮೊದಲನೆಯ ಸಲ, ತಾಯಿ ಕಾರ್ಡಿನಲ್ಲಿ ‘ದುರುಗವ್ವ’ ಎಂದೂ ಪಡಿತರ ಚೀಟಿಯಲ್ಲಿ ‘ದುರ್ಗಮ್ಮ’ ಎಂದೂ ಇದೆಯೆಂದು ಅಣ್ಣನವರು ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ವೈದ್ಯರ ರುಜು ಒಂದು ಕಡೆ ಬಿಟ್ಟುಹೋಗಿತ್ತು. ಮೂರನೆಯ ಸಲ, ಹೆಸರು ನೋಂದಾಯಿಸಿದ್ದು ಯಲಬುರ್ಗಾದಲ್ಲಾದುದರಿಂದ ಅಲ್ಲಿಯೇ ಕೇಳಬೇಕೆಂದರು.

ಆ ಮುದುಕಿ ಜಗಳಾಡಲಿಲ್ಲ. “ಯಪ್ಪಾ, ಈ ಮೂರು ಮಾತು ಮೊದಲನೇ ದಿನಾನ ಹೇಳಿದ್ರ ನಿನ್ನ ಬಾಯಿ ಸವೀತಿತ್ತೇನು? ಮೂರು ದಿನದ ಕೂಲಿ ಹೋತು, ಬಸ್ಸಿನ ರೊಕ್ಕ ಹೋತು. ಇನ್ನ ಬರೂ ಏಳ್ನೂರು ಯಾರಿಗೆ ಬಂದಂಗಾತು?” ಎಂದು ಸೆರಗು ಕೊಡವಿ ಎದ್ದಳು.

ಅಣ್ಣನವರು ಅವಳನ್ನು ಕುಳ್ಳಿರಿಸಿ ನಿಯಮದ ಪುಸ್ತಕವನ್ನು ತೆರೆದರು. ಹೆರಿಗೆಯಾದ ಸ್ಥಳದಲ್ಲಿಯೇ ಹಣ ಸಲ್ಲಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೂರನೆಯ ಆಕ್ಷೇಪವು ಅವರದೇ ತಪ್ಪು. ಆ ದಿನವೇ ಚೆಕ್ಕು ಬರೆಯಲ್ಪಟ್ಟಿತು. ರಾತ್ರಿ ಮನೆಯಲ್ಲಿ ಅವರು ಒಂದು ಹಾಳೆಯ ಮೇಲೆ ಜಮೆಯ ಕಡೆಗೆ 700 ಎಂದು ಬರೆದು, ಖರ್ಚಿನ ಕಡೆಗೆ ಆ ಮುದುಕಿಯ ಕೂಲಿಯನ್ನೂ ಬಸ್ಸಿನ ದರವನ್ನೂ ಬರೆದರು. ಆ ಹಾಳೆಯ ಸಂಗತಿಯನ್ನು ಮುಂದೆ ತಾವೇ ಕಿರಿಯ ಗುಮಾಸ್ತರಿಗೆ ನಾಚಿಕೆಯಿಲ್ಲದೆ ಹೇಳುತ್ತಿದ್ದರು. “ನಮ್ಮ ಪುಸ್ತಕದಲ್ಲಿ ಜಮಾಖರ್ಚು ಹೊಂದಿದರೆ ಸಾಲದು, ಅವರ ಮನೆಯಲ್ಲಿಯೂ ಹೊಂದಬೇಕು” ಎಂಬದು ಅಂದಿನಿಂದ ಅವರ ಮಾತಾಯಿತು.

ಆ ಮೇಲೆ ಅವರು ಒಂದು ಪದ್ಧತಿಯನ್ನು ಹಿಡಿದರು. ಬಿಲ್ಲು ಬಂದೊಡನೆ ಅದನ್ನು ಮೊದಲಿನಿಂದ ಕಡೆಯವರೆಗೆ ಓದಿ, ಇದ್ದ ಕೊರತೆಗಳನ್ನೆಲ್ಲ ಒಂದೇ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯುವದು. ಪ್ರತಿಯೊಂದರ ಎದುರಿಗೆ ಅದನ್ನು ನೀಗುವ ಉಪಾಯವನ್ನೂ ಬರೆಯುವದು. ಎರಡನೆಯ ಚೀಟಿ ಎಂಬದು ಅವರ ಮೇಜಿನಲ್ಲಿ ಇಲ್ಲದಾಯಿತು. ನೋಡಲು ಇದು ಅಲ್ಪ ಸಂಗತಿ. ಆದರೆ ದೂರದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವರಿಗೆ ಇದರ ಬೆಲೆ ಏನೆಂಬದನ್ನು ಕಚೇರಿಗಳ ಮೆಟ್ಟಿಲು ಸವೆಸಿದವರು ಬಲ್ಲರು.

ಜಿಲ್ಲೆಯ ಕಚೇರಿಗೆ ಬಂದ ಮೇಲೆಯೂ ಅದೇ ರೀತಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಒಂದೊಂದು ಉಪಕೇಂದ್ರಕ್ಕೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿ ಬರುತ್ತಿತ್ತು. ತಪಾಸಣೆಯವರು ಏನೆನ್ನುವರೋ ಎಂಬ ಅಂಜಿಕೆಯಿಂದ ಅದನ್ನು ಮುಟ್ಟದೆ ಇಟ್ಟುಕೊಳ್ಳುವವರು ಹಲವರು. ಮಾರ್ಚಿ ತಿಂಗಳು ಬಂದೊಡನೆ ಅವಸರದಿಂದ ಏನಾದರೊಂದನ್ನು ಕೊಳ್ಳುವವರು ಕೆಲವರು. ಅಣ್ಣನವರು ದಸರೆಯ ಹೊತ್ತಿಗೇ ಉಪಕೇಂದ್ರಗಳಿಗೆ ಹೋಗಿ, ಹೆರಿಗೆಯ ಕೋಣೆಗೆ ಪರದೆ, ಕೆಟ್ಟ ನಲ್ಲಿಯ ದುರಸ್ತಿ, ದೀಪ, ಅಪಾಯದಲ್ಲಿದ್ದ ಬಸುರಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವ ಬಾಡಿಗೆ, ಇವುಗಳಿಗೆ ನಿರ್ಭಯವಾಗಿ ಖರ್ಚು ಮಾಡಿರೆಂದು ತಿಳಿಹೇಳುತ್ತಿದ್ದರು. ಅಂದಮಾತ್ರಕ್ಕೆ ಅವರು ಸಡಿಲರೆಂದು ಭಾವಿಸಲಾಗದು. ಗ್ಯಾರೇಜಿನಲ್ಲಿ ನಿಂತಿದ್ದ ವಾಹನವು ಊರೂರು ತಿರುಗಿತೆಂದು ಬಂದ ಬಿಲ್ಲೊಂದಕ್ಕೆ ಮೇಲಿನವರ ಒತ್ತಾಯವಿದ್ದಾಗ್ಯೂ ಅವರು ರುಜು ಹಾಕಲಿಲ್ಲ. ಅದರ ಫಲವಾಗಿ ಬಂದ ವರ್ಗಾವಣೆಯನ್ನು ಗೊಣಗದೆ ಅನುಭವಿಸಿದರು.

2010ರಲ್ಲಿ ಗುಲಬರ್ಗಾ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲಾಯಿತು. ಹೃದಯ, ಅರ್ಬುದ, ಮೂತ್ರಪಿಂಡ ಮೊದಲಾದ ದೊಡ್ಡ ರೋಗಗಳಿಗೆ ಬಡಕುಟುಂಬವೊಂದಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳವರೆಗೆ, ಬೇಕಾದರೆ ಮತ್ತೆ 50,000ದ ವರೆಗೆ, ರೋಗಿಯ ಕೈಯಿಂದ ಕಾಸು ಬೀಳದಂತೆ ಚಿಕಿತ್ಸೆ. ಬಡತನಕ್ಕೆ ಸಾಕ್ಷಿ ಪಡಿತರ ಚೀಟಿಯೊಂದೇ. ಶಿಬಿರಗಳು ನಡೆದಾಗ ಅಣ್ಣನವರು ತಮ್ಮ ಕೆಲಸವಲ್ಲದಿದ್ದರೂ ಬಾಗಿಲ ಬಳಿ ಕುಳಿತು ಚೀಟಿಯ ಹೆಸರುಗಳನ್ನು ಓದಿ, ತಪ್ಪಿದ್ದವರಿಗೆ ತಹಸೀಲ ಕಚೇರಿಯ ದಾರಿ ತೋರಿಸುತ್ತಿದ್ದರು. ದುರುಗವ್ವ-ದುರ್ಗಮ್ಮರ ಕಥೆಯನ್ನು ಅವರು ಮರೆತಿರಲಿಲ್ಲ. ಈಗ ಆ ಎರಡಕ್ಷರದ ಅಂತರದಲ್ಲಿ ಸಿಕ್ಕಿದ್ದು 700 ರೂಪಾಯಿಯಲ್ಲ, ಒಂದು ಜೀವ.

ಈ ಯೋಜನೆಯಿದ್ದ ಹಳ್ಳಿಗಳನ್ನೂ ಗಡಿಯಾಚೆಯ ಯೋಜನೆಯಿಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದ ವಿದ್ವಾಂಸರ ಲೇಖನವು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಸಂಭವಿಸುವ ಮರಣವು ಶೇಕಡಾ 64ರಷ್ಟೂ, ಅಂಥ ರೋಗಗಳಿಗೆ ಆಸ್ಪತ್ರೆ ಸೇರಿದವರ ಕೈಖರ್ಚು ಶೇಕಡಾ 34ರಷ್ಟೂ ಕಡಿಮೆಯಾಗಿತ್ತೆಂದು ಅದರಲ್ಲಿ ಕಂಡುಬಂದಿತು. ಕಚೇರಿಯಲ್ಲಿ ಇದನ್ನು ಓದಿ ಎಲ್ಲರೂ ಹಿಗ್ಗಿದರು. ಅಣ್ಣನವರೂ ಹಿಗ್ಗಿದರು, ಆದರೆ ಸ್ವಲ್ಪ ಹೊತ್ತಿನ ಮೇಲೆ, “ಉಳಿದವರೊಳಗೆ ಚೀಟಿಯ ತಪ್ಪಿನಿಂದ ಸತ್ತವರು ಎಷ್ಟು ಮಂದಿಯೋ, ಅದನ್ನು ಯಾರು ಎಣಿಸಿದರು?” ಎಂದರು. ಯಾರೂ ಉತ್ತರ ಕೊಡಲಿಲ್ಲ.

2018ರಲ್ಲಿ ಆ ಯೋಜನೆಯು ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಬಡಕುಟುಂಬಕ್ಕೆ ದೊರೆಯುವ ನೆರವು 5 ಲಕ್ಷಕ್ಕೇರಿತು. ಚೆಕ್ಕಿನ ಕಾಲ ಹೋಗಿ ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಸೇರುವ ಕಾಲ ಬಂದಿತು. ಆದರೂ ಹೆಸರಿನ ಅಕ್ಷರ ತಪ್ಪಿದರೆ ಯಂತ್ರವೂ ಹಿಂದಕ್ಕೆ ಕಳಿಸುವದು. ಮುದುಕಿಯ ಮಾತಿಗೆ ಕಿವಿಗೊಡುವ ಶಕ್ತಿ ಮಾತ್ರ ಅದಕ್ಕಿಲ್ಲ.

ಅಂಗಳದಲ್ಲಿ ಕುಳಿತವರಲ್ಲಿ ಕುಷ್ಟಗಿ ಕಡೆಯ ನರ್ಸಮ್ಮನೊಬ್ಬಳು ತನ್ನ ಪರ್ಸಿನಿಂದ ಹಳೆಯ ಚೀಟಿಯೊಂದನ್ನು ತೆಗೆದು ತೋರಿಸಿದಳು. ಪೆನ್ಸಿಲಿನ ಅಕ್ಷರಗಳು ಮಾಸಿದ್ದವು. ಐದು ಆಕ್ಷೇಪಗಳು, ಐದು ಪರಿಹಾರಗಳು; ಅವುಗಳ ಕೆಳಗೆ, “ನಿಮ್ಮ ಊರ ಬಸ್ಸು ಸಂಜೆ 5 ಗಂಟೆಗೆ. ಅದರೊಳಗಾಗಿ ಮುಗಿಸಿಕೊಡುವೆ.” ಅಂದು ಆಕೆಗೆ ಆ ಬಸ್ಸು ಸಿಕ್ಕಿತ್ತೆಂದು ಹೇಳುತ್ತ ಆಕೆ ಕಣ್ಣೊರೆಸಿಕೊಂಡಳು.