ಕೇದಾರದ ದಾರಿಯಲ್ಲಿ ದಿನವನ್ನು ಕೇಳಿ ನಡೆಯಬೇಕು

ಕಲಬುರಗಿ ನಗರದಿಂದ ಹುಮನಾಬಾದ ಮಾರ್ಗವಾಗಿ ಹೊರಟರೆ ಕೈಗಾರಿಕಾ ಪ್ರದೇಶದ ಶೆಡ್ಡುಗಳ ನಡುವೆ ನಮ್ಮ ಕಪನೂರ ಸಿಗುತ್ತದೆ. ಅದೇ ರಸ್ತೆಯಲ್ಲಿ ಮುಂದುವರಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ತೊಗರಿಯ ಸೀಮೆ ಇದು. ವೈಶಾಖದಲ್ಲಿ ಬಿಸಿಲು 42 ಡಿಗ್ರಿ ದಾಟುವ ಈ ನೆಲದವರಿಗೆ ಹಿಮವೆಂದರೆ ಕ್ಯಾಲೆಂಡರಿನ ಚಿತ್ರದಲ್ಲಿ ಕೈಲಾಸದ ಹಿಂದೆ ಕಂಡ ಬಿಳಿ ಬಣ್ಣವಷ್ಟೇ. ಆದರೂ ಪ್ರತಿವರ್ಷ ಇಲ್ಲಿಂದ ಸದ್ಭಕ್ತರ ತಂಡಗಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಕೇದಾರಕ್ಕೆ ಹೊರಡುತ್ತವೆ.

ಈ ಸೆಳೆತಕ್ಕೆ ಕಾರಣವಿಲ್ಲದಿಲ್ಲ. ಅಷ್ಟು ದೂರದ ಹಿಮಾಲಯದ ದೇವಾಲಯವಾದರೂ ಕೇದಾರದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮ ಮನೆತನಗಳಿಂದಲೇ ಬರುತ್ತಾರೆ. ಆದಕಾರಣ ನಮ್ಮ ಮನೆಗಳಲ್ಲಿ ಕೇದಾರವು ಪರಸ್ಥಳವೆನಿಸಿಲ್ಲ. ಆದರೆ ಮನಸ್ಸಿಗೆ ಹತ್ತಿರವಾದದ್ದು ದೇಹಕ್ಕೂ ಹತ್ತಿರವೆಂದು ತಿಳಿಯುವುದು ಸರಿಯಲ್ಲ. ಈ ಮಾತನ್ನೇ ಶರಣಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳಲು ಈ ಲೇಖನ.

ನಾವು ಎಂಟು ಮಂದಿ ಮೇ ತಿಂಗಳಲ್ಲಿ ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ ಹೋಗಿ, ಹರಿದ್ವಾರ, ರುದ್ರಪ್ರಯಾಗ, ಗುಪ್ತಕಾಶಿಗಳ ಮಾರ್ಗವಾಗಿ ಸೋನಪ್ರಯಾಗ ಮುಟ್ಟಿದೆವು. ಅಲ್ಲಿಂದ ಸ್ವಲ್ಪವೇ ಮುಂದೆ ಗೌರಿಕುಂಡ. ಕಾಲುದಾರಿ ಆರಂಭವಾಗುವುದು ಅಲ್ಲಿಂದ. ಗೌರಿಕುಂಡದ ಎತ್ತರ ಸುಮಾರು 1,980 ಮೀಟರ್, ಕೇದಾರದ್ದು 3,583 ಮೀಟರ್. ಸುಮಾರು 16 ಕಿಲೋಮೀಟರ್ ದಾರಿಯಲ್ಲಿ ಸಾವಿರದ ಆರುನೂರು ಮೀಟರ್ ಏರಬೇಕು. ಮೇಲಿನ ಗಾಳಿಯಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕವು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ.

ನಾವು ಮುಟ್ಟಿದ ದಿನ ಬೆಳಗಿನಿಂದಲೇ ಮಳೆ. ಮೇಲೆ ಹಿಮ ಬೀಳುತ್ತಿದೆಯೆಂದು ಪೊಲೀಸರು ಯಾತ್ರಿಕರನ್ನು ತಡೆದಿದ್ದರು. ನೋಂದಣಿ ಚೀಟಿ ಕೈಯಲ್ಲಿದ್ದವರು, ಮರಳುವ ರೈಲಿನ ಟಿಕೆಟು ಕಾದಿರಿಸಿದ್ದವರು ಗೊಣಗುತ್ತಿದ್ದರು. ಆದರೆ ಆ ತಡೆಯ ಹಿಂದಿರುವ ಇತಿಹಾಸವನ್ನು ಬಲ್ಲವರು ಗೊಣಗಲಾರರು. 2013ರ ಜೂನ್ 16 ಮತ್ತು 17ರಂದು ಎಡೆಬಿಡದೆ ಮಳೆ ಸುರಿದು, ದೇವಾಲಯದ ಮೇಲ್ಭಾಗದ ಚೋರಾಬಾರಿ ಸರೋವರ ಒಡೆಯಿತು. ಮಂದಾಕಿನಿಯು ಕಲ್ಲುಬಂಡೆಗಳನ್ನು ಹೊತ್ತು ಬಂದು ರಾಮಬಾಡಾ ಎಂಬ ತಂಗುದಾಣವನ್ನೇ ಅಳಿಸಿಹಾಕಿತು. ರಾಜ್ಯದಾದ್ಯಂತ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹಳೆಯ 14 ಕಿಲೋಮೀಟರ್ ದಾರಿ ಹೋಗಿ, ನದಿಯನ್ನು ದಾಟಿ ಆಚೆಯ ಇಳಿಜಾರಿನಲ್ಲಿ ಲಿಂಚೋಲಿಯ ಮೂಲಕ ಏರುವ ಈಗಿನ ದಾರಿ ಆದದ್ದು ಆ ಬಳಿಕ. 2024ರ ಜುಲೈ 31ರ ರಾತ್ರಿ ಅತಿವೃಷ್ಟಿಗೆ ಈ ದಾರಿಯೂ ಹಲವೆಡೆ ಕೊಚ್ಚಿಹೋಗಿ, ಸಾವಿರಾರು ಯಾತ್ರಿಕರನ್ನು ಹೆಲಿಕಾಪ್ಟರಿನಿಂದಲೂ ಕಾಲ್ನಡೆಯಿಂದಲೂ ಕರೆತರಬೇಕಾಯಿತು.

ಮರುದಿನ ಆಕಾಶ ತಿಳಿಯಾಯಿತು, ದಾರಿ ತೆರೆಯಿತು. ಲಿಂಚೋಲಿಯ ಸಮೀಪ ದಾರಿಯ ಬದಿಗೆ ಹಳೆಯ ಹಿಮ ಕಲ್ಲಿನಂತೆ ಬಿಗಿದಿತ್ತು. ಅಲ್ಲಿ ನಮ್ಮ ತಂಡದ ಅರವತ್ತೆಂಟರ ಹಿರಿಯ ತಾಯಿಯವರಿಗೆ ತಲೆಸಿಡಿತ ಆರಂಭವಾಯಿತು. ಬಳಿಕ ವಾಂತಿ, ಹೆಜ್ಜೆ ತಪ್ಪುವಿಕೆ. ದಾರಿಯ ವೈದ್ಯಕೀಯ ಕೇಂದ್ರದವರು ಬೆರಳಿಗೆ ಯಂತ್ರ ಹಾಕಿ ನೋಡಿ, ಇನ್ನೊಂದು ಹೆಜ್ಜೆಯನ್ನೂ ಮೇಲಿಡದೆ ಕೂಡಲೇ ಕೆಳಗಿಳಿಸಿರೆಂದರು. ಎತ್ತರದ ಗಾಳಿಯಿಂದ ಬರುವ ಈ ಬೇನೆಗೆ ಇಳಿಯುವುದೇ ಮೊದಲ ಔಷಧ. ತಡಮಾಡಿದರೆ ಶ್ವಾಸಕೋಶದಲ್ಲಿ ಅಥವಾ ಮೆದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಎರವಾಗುತ್ತದೆ.

ಆ ತಾಯಿ ಅಳುತ್ತ, “ಯಪ್ಪಾ, ಇಷ್ಟು ದೂರ ಬಂದು ಹಾಂಗೇ ತಿರುಗಿ ಹೋಗೋದೇನು?” ಎಂದರು. ಅವರ ಮಗ ಕೈಹಿಡಿದು, “ಯವ್ವಾ, ಕೇದಾರ ಎಲ್ಲಿಗೂ ಹೋಗಂಗಿಲ್ಲ. ನೀ ಇದ್ರ ಮತ್ತ ಬರೋಣು” ಎಂದ. ಐವರು ಮುಂದೆ ಹೋಗಿ ದರ್ಶನ ಪಡೆದರು. ನಾವಾದರೋ ಆ ಮಗನೊಡನೆ ಡೋಲಿಯ ಹಿಂದೆ ಇಳಿದು ಬಂದೆವು. ಗೌರಿಕುಂಡ ಸಮೀಪಿಸುವಷ್ಟರಲ್ಲಿ ತಾಯಿಯವರ ಮುಖಕ್ಕೆ ಕಳೆ ಬಂದಿತ್ತು.

ನಡೆಯಲಾರದವರು ಹೆಲಿಕಾಪ್ಟರನ್ನು ನೆಚ್ಚುವುದುಂಟು. ಆದರೆ ಕಣಿವೆಯ ಮಂಜಿಗೆ ಅದೂ ಹೊರತಲ್ಲ. 2022ರ ಅಕ್ಟೋಬರ್ 18ರಂದು ಏಳು ಜನ, 2025ರ ಜೂನ್ 15ರಂದು ಮತ್ತೆ ಏಳು ಜನ ಈ ಮಾರ್ಗದ ಹೆಲಿಕಾಪ್ಟರ್ ಅಪಘಾತಗಳಲ್ಲಿ ಮಡಿದರು. ಹಾರಾಟ ನಿಂತಿದೆಯೆಂದರೆ ನಿಲ್ಲಿಸಿದವರ ಮೇಲೆ ಒತ್ತಡ ತರಬಾರದು. ಹಾರಿ ಮೇಲೆ ಮುಟ್ಟಿದವರಿಗೂ ಗಾಳಿ ಅಷ್ಟೇ ತೆಳು. ದೇಹ ಹೊಂದಿಕೊಳ್ಳಲು ಅವರಿಗೆ ಇನ್ನೂ ಕಡಿಮೆ ಸಮಯ.

ಹಿಮವನ್ನು ಹೇಗೆ ಕೇಳಿ ನಡೆಯಬೇಕೆಂಬುದನ್ನು ಹಿಮದ ಮೇಲೆಯೇ ಆಡುವವರಿಂದ ಕಲಿಯಬಹುದು. ಬದರಿಯ ದಾರಿಯಲ್ಲಿ ಜೋಶಿಮಠದ ಮೇಲೆ ಔಲಿ ಎಂಬ ಸ್ಥಳವಿದೆ. ಚಳಿಗಾಲದಲ್ಲಿ ಅದರ ಇಳಿಜಾರುಗಳಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಸ್ಕೀಯಿಂಗ್ ಕ್ರೀಡೆ ನಡೆಯುತ್ತದೆ. ಬಲ್ಲ ಸ್ಕೀಗಾರರು ಬೆಳಿಗ್ಗೆ ಎದ್ದೊಡನೆ ಮೈದಾನಕ್ಕೆ ಓಡುವುದಿಲ್ಲ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಹಗಲಿನ ಬಿಸಿಲಿಗೆ ಹಿಮ ಕರಗುವುದೇ ಎಂದು ಮೊದಲು ವಿಚಾರಿಸುತ್ತಾರೆ. ಹಳೆಯ ಗಟ್ಟಿ ಹಿಮದ ಮೇಲೆ ಹೊಸ ಹಿಮ ಸಡಿಲಾಗಿ ಕೂತಾಗ, ಒಬ್ಬನ ಭಾರಕ್ಕೇ ಇಡೀ ಇಳಿಜಾರು ಕಳಚಿ ಬೀಳಬಲ್ಲದು. ಅದಕ್ಕೇ ಹಿಮಪಾತ ನಿಂತು ಬಿಸಿಲು ಬಿದ್ದ ಮೊದಲ ದಿನವು ನೋಡಲು ಸುಂದರ, ನಡೆಯಲು ಅಪಾಯಕರ. ಹಿಮಕುಸಿತದ ಅಪಾಯವನ್ನು ಜಗತ್ತಿನ ಅನೇಕ ಕಡೆ ಐದು ಹಂತಗಳಲ್ಲಿ ಸಾರುತ್ತಾರೆ. ಹೆಚ್ಚು ಸಾವುಗಳಾಗುವುದು ಐದನೆಯ ಹಂತದಲ್ಲಲ್ಲ, ಮೂರನೆಯದರಲ್ಲಿ. ಐದನೆಯದಕ್ಕೆ ಎಲ್ಲರೂ ಅಂಜಿ ಒಳಗಿರುತ್ತಾರೆ, ಮೂರನೆಯದನ್ನು ಹಗುರವಾಗಿ ಎಣಿಸುತ್ತಾರೆ.

ನಮ್ಮ ದೇಶದಲ್ಲಿ ಇಂಥ ಎಚ್ಚರಿಕೆಯನ್ನು ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಕೊಡುತ್ತದೆ. 2025ರ ಫೆಬ್ರುವರಿ 28ರಂದು ಬದರಿಯ ಆಚೆಯ ಮಾಣಾದಲ್ಲಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದು 54 ಜನ ಸಿಕ್ಕಿಬಿದ್ದರು. 46 ಜನ ಬದುಕಿದರು, ಎಂಟು ಜನ ಬದುಕಲಿಲ್ಲ. ಆ ಜಿಲ್ಲೆಗೆ ಹಿಂದಿನ ದಿನವೇ ಎಚ್ಚರಿಕೆ ಹೊರಟಿತ್ತು. ನಮ್ಮ ನಾಡಿಗೂ ಈ ನೋವು ಹೊಸದಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಅಸುನೀಗಿದರು.

ಕೆಳಗಿಳಿದ ಮೇಲೆ ನಾವು ಊಖಿಮಠಕ್ಕೆ ಹೋಗಿ ಓಂಕಾರೇಶ್ವರ ದೇವಾಲಯದಲ್ಲಿ ಕೈಮುಗಿದೆವು. ದೀಪಾವಳಿಯ ಬಳಿಕ ಭಾಯಿದೂಜ್ ದಿನ ಕೇದಾರದ ಬಾಗಿಲು ಮುಚ್ಚಿದಾಗ, ಕೇದಾರನಾಥನ ಪಂಚಮುಖಿ ಉತ್ಸವಮೂರ್ತಿಯನ್ನು ಡೋಲಿಯಲ್ಲಿ ಹೊತ್ತು ಇಲ್ಲಿಗೇ ತರುತ್ತಾರೆ. ಚಳಿಗಾಲವೆಲ್ಲ ಪೂಜೆ ಇಲ್ಲಿಯೇ. ಹಿಮ ಬಂದಾಗ ಸ್ವತಃ ದೇವರೇ ಬೆಟ್ಟವನ್ನು ಬಿಟ್ಟು ಕೆಳಗಿಳಿಯುವ ಈ ಸಂಪ್ರದಾಯವನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಬೆಟ್ಟದ ಕಾಲವನ್ನು ಅರಿತು ನಡೆಯುವುದೂ ಭಕ್ತಿಯ ಅಂಗವೆಂದೇ ಅವರು ತಿಳಿದಿದ್ದರು. ಹಾಗಿರುವಾಗ ದಾರಿಯ ನಡುವಿನಿಂದ ಮರಳಿದ ಭಕ್ತನಿಗೆ ಹರಕೆ ಮುರಿದ ದೋಷ ತಟ್ಟೀತೆಂದು ಅಂಜುವುದೇಕೆ?

ಕೇದಾರಕ್ಕೆ ಹೊರಡುವ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹೃದಯ, ಉಸಿರು, ರಕ್ತದೊತ್ತಡದ ತೊಂದರೆಯುಳ್ಳವರು ಊರಿನಲ್ಲೇ ವೈದ್ಯರನ್ನು ಕಾಣಲಿ. ಮರಳುವ ಟಿಕೆಟನ್ನು ಎರಡು ದಿನ ಹೆಚ್ಚಿಟ್ಟುಕೊಂಡು ತೆಗೆಸಲಿ. ಅವಸರವೇ ಅರ್ಧ ಅಪಾಯ. ಪ್ರತಿದಿನ ಬೆಳಿಗ್ಗೆ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಸೂಚನೆಯನ್ನು ನೋಡಲಿ. ಬೆಚ್ಚನೆಯ ಬಟ್ಟೆ, ಮಳೆಯಂಗಿ, ಹಿಡಿತವುಳ್ಳ ಬೂಟು ಜೊತೆಗಿರಲಿ. ತಲೆನೋವು ಬಂದವರು ಸಂಕೋಚದಿಂದ ಮುಚ್ಚಿಡದೆ ಹೇಳಲಿ. ಹೇಳಿದವರನ್ನು ಯಾರೂ ಹಳಿಯದಿರಲಿ. ತಂಡದಲ್ಲಿ ಒಬ್ಬರು ಇಳಿಯಬೇಕಾದರೆ ಜೊತೆಗಿಳಿಯುವವರು ಯಾರೆಂಬುದನ್ನು ಊರು ಬಿಡುವ ಮುನ್ನವೇ ನಿಶ್ಚಯಿಸಿಕೊಳ್ಳಲಿ.