ಖಾಲಿಯಾಗುವ ಮನೆಗಳಲ್ಲಿ ಕುರ್ಚಿ ಹುಡುಕುತ್ತಾ

ಅಮೆರಿಕದಲ್ಲಿ ಪರಿಚಯವೇ ಇಲ್ಲದವರ ಮನೆಗೆ ಹೋಗಿ, ಹಾಲ್, ಬೆಡ್‌ರೂಮ್ ಎಲ್ಲ ಸುತ್ತಿ, ಅಡುಗೆಮನೆಯ ಕಪಾಟು ತೆರೆದು ನೋಡಿದರೂ ಯಾರೂ ಏನೂ ಅನ್ನದ ಸಂದರ್ಭ ಒಂದಿದೆ. ಅದೇ ಎಸ್ಟೇಟ್ ಸೇಲ್. ನಮ್ಮ ಕಾಫಿ ಎಸ್ಟೇಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಎಸ್ಟೇಟ್ ಅಂದರೆ ಒಬ್ಬರು ಬಿಟ್ಟುಹೋದ ಆಸ್ತಿ. ಮನೆಯ ಹಿರಿಯರು ತೀರಿಕೊಂಡಾಗ ಅಥವಾ ಒಬ್ಬರೇ ಇರಲಾಗದೆ ವೃದ್ಧಾಶ್ರಮ ಸೇರಿದಾಗ, ಮಕ್ಕಳು ಮನೆಯ ಕೀಲಿಯನ್ನು ಒಂದು ಕಂಪನಿಯ ಕೈಗೆ ಕೊಡುತ್ತಾರೆ. ಅವರು ಬಂದು ಸೋಫಾದಿಂದ ಸೌಟಿನವರೆಗೆ ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸುತ್ತಾರೆ. ವಾರಾಂತ್ಯದಲ್ಲಿ ಎರಡು ಮೂರು ದಿನ ಬಾಗಿಲು ತೆರೆದಿರುತ್ತದೆ. ಮಾರಿದ್ದರಲ್ಲಿ ಕಂಪನಿಗೆ ಒಂದು ಪಾಲು, ಉಳಿದದ್ದು ಮನೆಯವರಿಗೆ.

ಕಾರಿನ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆಂದು ನಾನು ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ ಬಂದು ನಾಲ್ಕು ವರ್ಷ ಆಯ್ತು. ಇಲ್ಲಿನ ಫಾಲ್ಸ್, ಸರೋವರ ಎಲ್ಲ ಒಂದೊಂದು ಸಲ ನೋಡಿದ್ದೇನೆ. ಆದರೆ ತಿಂಗಳಿಗೆ ಎರಡು ಶನಿವಾರವಾದರೂ ನಾನು ಹೋಗುವ ಪ್ರವಾಸ ಈ ಮನೆಗಳಿಗೆ. ಹುಡುಕುವುದು 1950–60ರ ದಶಕದ ಮರದ ಸಾಮಾನು. ಅದಕ್ಕೆ ಇಲ್ಲಿ ‘ಮಿಡ್ ಸೆಂಚುರಿ ಮಾಡರ್ನ್’ ಅನ್ನುತ್ತಾರೆ. ತೆಳು ಕಾಲು, ನೇರ ಗೆರೆ, ಕೆತ್ತನೆ ಇಲ್ಲ, ಅಬ್ಬರ ಇಲ್ಲ.

ಮಿಶಿಗನ್ನೇ ಯಾಕೆ?

ಈ ಹುಡುಕಾಟಕ್ಕೆ ಡೆಟ್ರಾಯಿಟ್‌ಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ನಗರದ ಉತ್ತರಕ್ಕೆ ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿ ಕ್ರಾನ್‌ಬ್ರೂಕ್ ಅನ್ನುವ ಕಲಾಶಾಲೆ ಇದೆ. ಚಾರ್ಲ್ಸ್ ಈಮ್ಸ್ ಮತ್ತು ರೇ ಭೇಟಿಯಾದದ್ದು ಅಲ್ಲೇ, 1941ರಲ್ಲಿ ಮದುವೆಯಾದರು. ಈರೋ ಸಾರಿನೆನ್, ಹ್ಯಾರಿ ಬರ್ಟೋಯಾ, ಫ್ಲಾರೆನ್ಸ್ ನೋಲ್ ಎಲ್ಲರೂ ಆ ಕ್ಯಾಂಪಸ್‌ನಲ್ಲಿ ಓಡಾಡಿದವರು. ಈಮ್ಸ್ ದಂಪತಿಯ ಕುರ್ಚಿಗಳನ್ನು ಮಾಡಿ ಮಾರಿದ ಹರ್ಮನ್ ಮಿಲ್ಲರ್ ಕಂಪನಿ ಇದೇ ರಾಜ್ಯದ ಪಶ್ಚಿಮ ಭಾಗದ ಜೀಲ್ಯಾಂಡ್ ಊರಿನದು. ಅದರ ಪಕ್ಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ‘ಫರ್ನಿಚರ್ ಸಿಟಿ’ ಅಂತಲೇ ಹೆಸರು.

ಕೊಳ್ಳುವವರೂ ಇಲ್ಲೇ ಇದ್ದರು. ಎರಡನೇ ಮಹಾಯುದ್ಧದ ನಂತರ ಸೈನಿಕರಿಗೆ ಸರ್ಕಾರದ ನೆರವಿನ ಮನೆ ಸಾಲ ಸಿಕ್ಕಿತು, ಕಾರ್ ಕಾರ್ಖಾನೆಗಳು ಕೈತುಂಬ ಕೆಲಸ ಕೊಟ್ಟವು. ಸಾರಿನೆನ್ ವಿನ್ಯಾಸದ ಜನರಲ್ ಮೋಟಾರ್ಸ್ ಟೆಕ್ ಸೆಂಟರ್ 1956ರಲ್ಲಿ ಉದ್ಘಾಟನೆ ಆಯಿತು. ಹಗಲು ಅಂಥ ಕಟ್ಟಡಗಳಲ್ಲಿ ಕೂತು ಕೆಲಸ ಮಾಡಿದ ಎಂಜಿನಿಯರುಗಳು ಸಂಜೆ ಮರಳುತ್ತಿದ್ದ ಒಂದೇ ಅಂತಸ್ತಿನ ಉದ್ದನೆಯ ಮನೆಗಳು ಈ ಊರುಗಳ ತುಂಬ ಇವೆ. ಆಗ ಅವರಿಗೆ ನನ್ನ ವಯಸ್ಸು. ಆ ತಲೆಮಾರು ಈಗ ತೊಂಬತ್ತರ ಆಸುಪಾಸು. ಅದಕ್ಕೇ ಈ ಬಾಗಿಲುಗಳು ಈಗ ಒಂದೊಂದಾಗಿ ತೆರೆದುಕೊಳ್ಳುತ್ತಿವೆ.

ಬೆಳಗಿನ ಕ್ಯೂ, ಬಗ್ಗಿ ನೋಡುವ ಕಣ್ಣು

ಮೊದಲ ದಿನ ಸೇಲ್ ಒಂಬತ್ತಕ್ಕೆ ಅಂದರೆ ಆರಕ್ಕೇ ಜನ ಇರ್ತಾರೆ. ಅಂಗಡಿ ಇಟ್ಟವರು, ಆನ್‌ಲೈನ್‌ನಲ್ಲಿ ಮಾರುವವರು, ನನ್ನಂಥ ಹವ್ಯಾಸಿಗಳು. ಎಷ್ಟೋ ಕಡೆ ನಂಬರ್ ಚೀಟಿ ಕೊಡುತ್ತಾರೆ. ಹತ್ತಿಪ್ಪತ್ತು ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ಮೊದಲ ದಿನ ಚೌಕಾಸಿ ನಡೆಯೋದು ಕಡಿಮೆ. ಕೊನೆಯ ದಿನ ಸಾಮಾನ್ಯವಾಗಿ ಅರ್ಧ ಬೆಲೆ. ಒಳ್ಳೆಯದು ಬೇಕೋ, ಅಗ್ಗದ್ದು ಬೇಕೋ ಅನ್ನುವುದನ್ನು ಹಿಂದಿನ ರಾತ್ರಿಯೇ ತೀರ್ಮಾನ ಮಾಡಿರಬೇಕು.

ಜೇಬಿನಲ್ಲಿ ಅಳತೆ ಟೇಪು ಮತ್ತು ಟಾರ್ಚ್ ಇದ್ದರೆ ಸಾಕು. ಮೇಲಿನ ಹೊಳಪು ನೋಡಿ ಮರುಳಾಗಬಾರದು, ಮಂಡಿಯೂರಿ ಕೆಳಗೆ ನೋಡಬೇಕು. ಡ್ರಾಯರ್ ಎಳೆದು ಮೂಲೆ ನೋಡಿ: ಪಾರಿವಾಳದ ಬಾಲದ ಹಾಗೆ ಒಂದರೊಳಗೊಂದು ಕಚ್ಚಿಕೊಂಡ ಜೋಡಣೆ ಇದ್ದರೆ ಒಳ್ಳೆಯ ಲಕ್ಷಣ. ಡೆನ್ಮಾರ್ಕ್‌ನಿಂದ ಬಂದ ತೇಗದ ಸಾಮಾನಿನ ಅಡಿಯಲ್ಲಿ ಅನೇಕ ಸಲ ಸುಟ್ಟು ಒತ್ತಿದ ಮುದ್ರೆ ಸಿಗುತ್ತದೆ. ವರ್ಜೀನಿಯಾದ ಲೇನ್ ಕಂಪನಿಯ ಮೇಜುಗಳಂತೂ ನಮ್ಮಂಥ ಕೋಡ್ ಬರೆಯುವವರಿಗೆ ಖುಷಿ ಕೊಡುವ ವಸ್ತು. ಕೆಳಗಿನ ಸೀರಿಯಲ್ ನಂಬರನ್ನು ಹಿಂದುಮುಂದಾಗಿ ಓದಿದರೆ ಅದು ತಯಾರಾದ ತಾರೀಖು. 264130 ಅಂತ ಇದ್ದರೆ 03-14-62, ಅಂದರೆ 1962ರ ಮಾರ್ಚ್ 14.

ಎಲ್ಲರ ಕಣ್ಣು ಇರುವುದು 1956ರಲ್ಲಿ ಬಂದ ಈಮ್ಸ್ ಲೌಂಜ್ ಚೇರ್ ಮೇಲೆ. ಹೊಸದಕ್ಕೆ ಈಗ 5,000 ಡಾಲರಿಗೂ ಹೆಚ್ಚು. ಅದರ ನಕಲುಗಳೂ ಅರವತ್ತರ ದಶಕದಿಂದಲೇ ಬಂದಿವೆ. ಅಸಲಿಯಲ್ಲಿ ಕುರ್ಚಿಯ ಬುಡಕ್ಕೆ ಐದು ಕಾಲು, ಕಾಲಿಡುವ ಸ್ಟೂಲಿಗೆ ನಾಲ್ಕು. ಬೆನ್ನಿನ ಮರದ ಹೊರಮೈಯಲ್ಲಿ ಸ್ಕ್ರೂ ಕಾಣುವುದಿಲ್ಲ. ಒಳಗೆ ಅಂಟಿಸಿದ ರಬ್ಬರ್ ಬಿಲ್ಲೆಗಳೇ ಅದನ್ನು ಹಿಡಿದಿರುತ್ತವೆ. ಹಳೆಯದಾದಾಗ ಮೊದಲು ಕೈಕೊಡುವುದೂ ಆ ರಬ್ಬರೇ. ಇಂಥ ಕುರ್ಚಿ ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕ ಕಡೆಯೆಲ್ಲ ನನಗಿಂತ ಮೊದಲಿನ ನಂಬರಿನವರು ಅದರ ಮೇಲೆ ಕೂತಿರ್ತಾರೆ.

ಇದೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರದ ಕರೆಯ ಮೇರೆಗೆ ನಮ್ಮ ದೇಶ ಸುತ್ತಿ ಒಂದು ವರದಿ ಬರೆದುಕೊಟ್ಟರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ ವಸ್ತು ಯಾವುದು ಗೊತ್ತಾ? ನಾವು ನೀರು ತುಂಬುವ ತಂಬಿಗೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು 1961ರಲ್ಲಿ, ಆ ವರದಿಯ ಬೆನ್ನಲ್ಲೇ.

ಒಂದು ಮೇಜು, ಒಂದು ಹಲಗೆ

ನನಗೆ ಸಿಕ್ಕಿದ್ದು ಊಟದ ಮೇಜು. ತೇಗದ್ದು, ಎರಡೂ ಕಡೆ ಎಳೆದು ನಡುವೆ ಹಲಗೆ ಸೇರಿಸಿದರೆ ದೊಡ್ಡದಾಗುವಂಥದ್ದು. ಹಲಗೆ ಮಾತ್ರ ಇರಲಿಲ್ಲ. ಭಾನುವಾರ ಮಧ್ಯಾಹ್ನ, ಅರ್ಧ ಬೆಲೆ, 180 ಡಾಲರ್. ಗೆಳೆಯನ ಜೊತೆ ಸೇರಿ ಕಂಬಳಿ ಸುತ್ತಿ ವ್ಯಾನಿಗೆ ಏರಿಸುತ್ತಿದ್ದಾಗ ಅರವತ್ತು ದಾಟಿದ ಒಬ್ಬ ಹೆಂಗಸು ಹತ್ತಿರ ಬಂದರು. ಮನೆಯವರು ಸೇಲ್ ದಿನ ಸಾಮಾನ್ಯವಾಗಿ ಬರುವುದಿಲ್ಲ, ಕಂಪನಿಯವರೇ ಬೇಡ ಅನ್ನುತ್ತಾರೆ. ಇವರು ಆ ಮನೆಯ ಮಗಳು. ದೂರದ ಆರೆಗಾನ್‌ನಲ್ಲಿ ಸಣ್ಣ ಅಪಾರ್ಟ್‌ಮೆಂಟ್, ಇದನ್ನು ಇಡಲು ಜಾಗ ಇಲ್ಲ ಅಂದರು. “ದಿನಾ ಇದರ ಮೇಲೇ ಊಟ ಮಾಡ್ತೀರಾ, ಇಲ್ಲಾ ಮಾರ್ತೀರಾ?” ಅಂತ ಕೇಳಿದರು. ನಾನೂ ಹೆಂಡತಿಯೂ ಊಟ ಮಾಡೋಕೇ ಅಂದೆ. ಒಂದು ನಿಮಿಷ ಸುಮ್ಮನಿದ್ದು, ನೆಲಮಾಳಿಗೆಗೆ ಹೋಗಿ ಬಾಯ್ಲರ್ ಹಿಂದಿನಿಂದ ಬೆಡ್‌ಶೀಟ್ ಸುತ್ತಿದ ಹಲಗೆಯೊಂದನ್ನು ಹೊತ್ತು ತಂದರು. “ಅಪ್ಪ ಹೋದ ಮೇಲೆ ಅಮ್ಮ ಇದನ್ನು ಹಾಕಲೇ ಇಲ್ಲ.”

ಮನೆಗೆ ಬಂದು ಸೇರಿಸಿ ನೋಡಿದರೆ ಹಲಗೆಯ ಬಣ್ಣವೇ ಬೇರೆ. ಮೇಜು ಅಷ್ಟು ವರ್ಷ ಬೆಳಕು ಕಂಡಿತ್ತು, ಹಲಗೆ ಕತ್ತಲಲ್ಲಿ ಇತ್ತು. ಪಾಲಿಶ್ ಮಾಡಿಸಿ ಒಂದೇ ಬಣ್ಣ ಮಾಡಬಹುದಿತ್ತು. ಮಾಡಿಸಿಲ್ಲ. ಯುಗಾದಿಗೆ ಎಂಟು ಜನ ಬಂದಾಗ ಅದನ್ನು ಹಾಕುತ್ತೇವೆ.

ಅಮ್ಮನ ಪ್ರಶ್ನೆ

ವಿಡಿಯೋ ಕಾಲ್‌ನಲ್ಲಿ ಮೇಜು ತೋರಿಸಿದಾಗ ಶಿವಮೊಗ್ಗದಲ್ಲಿದ್ದ ಅಮ್ಮನ ಮುಖ ಸಣ್ಣದಾಯಿತು. “ಸತ್ತವರ ಮನೆ ಸಾಮಾನು ಯಾಕೋ ತರ್ತೀಯ? ಸಂಬಳ ಬರಲ್ವಾ?” ಅಂದರು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಖಾಲಿ ಮನೆಯಲ್ಲಿ ಕನ್ನಡಕ, ಊರುಗೋಲು, ಅರ್ಧ ಹೆಣೆದ ಸ್ವೆಟರ್‌ಗೆ ಎರಡು ಡಾಲರ್ ಚೀಟಿ ಅಂಟಿಸಿದ್ದು ನೋಡಿದಾಗ ನನ್ನ ಹೊಟ್ಟೆಯೂ ತೊಳಸುತ್ತದೆ. ಆದರೆ ಭಾನುವಾರ ಸಂಜೆ ಮಾರಾಟವಾಗದೆ ಉಳಿದದ್ದು ದಾನಕ್ಕೋ ಕಸದ ಡಬ್ಬಿಗೋ ಹೋಗುತ್ತದೆ. ಅದಕ್ಕಿಂತ ಯಾರಾದರೂ ಅದರ ಮೇಲೆ ಅನ್ನ ಸಾರು ಉಣ್ಣುವುದು ಮೇಲಲ್ಲವೇ? ಕೊನೆಗೆ ಅಮ್ಮ ಒಂದು ಷರತ್ತು ಹಾಕಿದರು: ಮಂಚ ಮಾತ್ರ ತರಬಾರದು. ಒಪ್ಪಿಕೊಂಡೆ.

ನಮ್ಮಲ್ಲಿ ಎಸ್ಟೇಟ್ ಸೇಲ್ ಇಲ್ಲ, ಮನೆ ಖಾಲಿಯಾಗುವುದು ಇದೆ. ಅಜ್ಜ ಹೋದ ಮೇಲೆ ಅವರ ಬೀಟೆಯ ಆರಾಮಕುರ್ಚಿ ಇಡಲು ಚಿಕ್ಕಪ್ಪಂದಿರ ಯಾರ ಫ್ಲ್ಯಾಟಲ್ಲೂ ಜಾಗ ಇರಲಿಲ್ಲ. ಹಳೇ ಸಾಮಾನಿನವರು ಕಪಾಟಿನ ಜೊತೆ ಲೆಕ್ಕ ಹಾಕಿ ಒಯ್ದರು. ಮಲೆನಾಡಿನ ತೊಟ್ಟಿಮನೆಗಳ ಕಂಬ, ಬಾಗಿಲು ಬೆಂಗಳೂರಿನ ಕೆಫೆ, ರೆಸಾರ್ಟುಗಳಲ್ಲಿ ನಿಂತಿರುವುದನ್ನು ನೀವೂ ನೋಡಿರ್ತೀರಿ. ಯಾರ ಮನೆಯದು ಅಂತ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ವ್ಯತ್ಯಾಸ ಇರುವುದು ಇಲ್ಲಿಯೇ. ಲೇನ್ ಮೇಜಿನ ಅಡಿಯಲ್ಲಿ ಅದು ತಯಾರಾದ ದಿನ ಇದೆ. ನಮ್ಮ ಮನೆಗಳ ಕುರ್ಚಿ, ಕಪಾಟು, ಮಣೆಗಳ ಕೆಳಗೆ ಯಾವ ಮುದ್ರೆಯೂ ಇಲ್ಲ. ಯಾವ ಆಚಾರಿ ಮಾಡಿದ್ದು, ಮರ ಯಾರ ತೋಟದ್ದು, ಯಾರ ಮದುವೆಗೆ ಬಂದದ್ದು, ಎಲ್ಲ ಇರುವುದು ಹಿರಿಯರ ಬಾಯಲ್ಲಿ ಮಾತ್ರ. ಈ ಸಲ ಊರಿಗೆ ಹೋದಾಗ ಒಂದು ಹಳೇ ಕುರ್ಚಿ ಬಗ್ಗಿಸಿ, ಫೋನಿನ ರೆಕಾರ್ಡರ್ ಆನ್ ಮಾಡಿ, ಅಜ್ಜಿಯನ್ನೋ ಅಪ್ಪನನ್ನೋ ಕೇಳಿ. ಆಮೇಲೆ ಒಂದು ಮಾರ್ಕರ್ ಪೆನ್ ತಗೊಂಡು ಅದರ ಅಡಿಯಲ್ಲಿ ಬರೆದಿಡಿ.