ಹಳೆಯ ಏರ್ ರೈಫಲ್ ಮತ್ತು ಅಬ್ಬಾನ ಮೂರು ಪ್ರಶ್ನೆಗಳು

ಈ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿ ನಾನು ಹೊರಟು ಏಳು ವರ್ಷವಾಯಿತು. ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದರು. ವೀಸಾ, ಪರೀಕ್ಷೆ, ಅರ್ಜಿಗಳ ಬಗ್ಗೆ ಹೇಳುವವರು ಬಹಳ ಜನರಿದ್ದಾರೆ. ಹಾಗಾಗಿ ಕಳೆದ ವರ್ಷ ನಾನು ಕೊಂಡ ಒಂದು ಹಳೆಯ ವಸ್ತುವಿನ ಬಗ್ಗೆ ಬರೆಯುತ್ತೇನೆ. ಅದು 10 ಮೀಟರ್ ಗುರಿ ಸ್ಪರ್ಧೆಗೆಂದೇ ತಯಾರಾದ ಏರ್ ರೈಫಲ್. ವಯಸ್ಸಿನಲ್ಲಿ ನನಗಿಂತ ಸುಮಾರು 20 ವರ್ಷ ದೊಡ್ಡದು.

ನಿಮ್ಮಲ್ಲಿ ಹೆಚ್ಚಿನವರು ಏರ್‌ಗನ್ ನೋಡಿರುವುದು ಜಾತ್ರೆಯಲ್ಲಿ, ಇಲ್ಲವೇ ಉರುಸ್‌ನಲ್ಲಿ. ಹಲಗೆಗೆ ಕಟ್ಟಿದ ಬಲೂನುಗಳು, ಇಷ್ಟು ರೂಪಾಯಿಗೆ ಇಷ್ಟು ಹೊಡೆತ. ನಾನೂ ಅಲ್ಲಿಂದಲೇ ಬಂದವನು. ಆಮೇಲೆ ಇದೇ ಕಾಲೇಜಿನ ಎನ್‌ಸಿಸಿಯಲ್ಲಿ ನೆಲದ ಮೇಲೆ ಮಲಗಿ ಪಾಯಿಂಟ್ 22 ರೈಫಲ್‌ನಿಂದ ಐದು ಗುಂಡು ಹೊಡೆದೆ. ‘ಗ್ರೂಪಿಂಗ್’ ಎಂಬ ಮಾತು ಕಲಿತದ್ದು ಆಗ. ಗುಂಡು ಎಲ್ಲಿ ಬಿತ್ತು ಎಂಬುದು ಎರಡನೆಯದು. ಐದೂ ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದು ಮೊದಲನೆಯದು.

10 ಮೀಟರ್ ಏರ್ ರೈಫಲ್ ಅದೇ ಪಾಠದ ಕಠಿಣ ರೂಪ. ನಿಂತು ಹೊಡೆಯಬೇಕು. ಸೀಸದ ಪೆಲೆಟ್‌ನ ವ್ಯಾಸ 4.5 ಮಿ.ಮೀ. ಟಾರ್ಗೆಟ್ ಕಾಗದದ ಮೇಲಿನ ಹೊರ ವೃತ್ತ 45.5 ಮಿ.ಮೀ., ನಡುವಿನ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿ.ಮೀ. ಈ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತದಲ್ಲಿ 10.8 ಪಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ.

ಇಲ್ಲಿ ಸಣ್ಣ ಊರುಗಳಲ್ಲೂ ಗುರಿ ಹೊಡೆಯುವವರ ಸಂಘಗಳಿವೆ. ಶುಟ್ಸೆನ್‌ಫೆರೈನ್ ಎನ್ನುತ್ತಾರೆ. ಸಹಪಾಠಿಯೊಬ್ಬ ಕರೆದುಕೊಂಡು ಹೋದ. ಅರವತ್ತು ಎಪ್ಪತ್ತು ದಾಟಿದ ಹಿರಿಯರೇ ಹೆಚ್ಚು. ಎಲ್ಲರೂ ಬಿಯರ್ ಲೋಟದ ಮುಂದೆ ಕೂತಿದ್ದರೆ ನನಗೆ ಕೇಳದೆಯೇ ಸೇಬಿನ ರಸ ತಂದಿಡುತ್ತಿದ್ದರು. ಪ್ರತಿ ಗುರುವಾರ ಸಂಜೆ ಅಭ್ಯಾಸ. ಕಲಿಯುವವರು ಎಂಟು ಮಂದಿ, ಸಂಘದ ರೈಫಲ್ ಎರಡು. ನನ್ನ ಸರದಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಅದರಲ್ಲೂ ಹಿಂದಿನವನ ಭುಜಕ್ಕೆ, ಕಣ್ಣಿಗೆ ಹೊಂದಿಸಿದ್ದನ್ನು ಬಿಚ್ಚಿ ನನಗೆ ಹೊಂದಿಸಿಕೊಳ್ಳುವುದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಚಳಿಗಾಲದ ಲೀಗ್‌ನಲ್ಲಿ ಕೊನೆಯ ತಂಡಕ್ಕೆ ಒಬ್ಬರು ಬೇಕಾಗಿದ್ದರು. ನಿನ್ನದೇ ರೈಫಲ್ ಇದ್ದರೆ ಆ ಜಾಗ ನಿನ್ನದು ಎಂದರು.

ಹಲವು ಹೊಸ ಸ್ಪರ್ಧಾ ರೈಫಲ್‌ಗಳ ಬೆಲೆ 2000 ಯೂರೋ ದಾಟುತ್ತದೆ. ಸಂಜೆ ಅಂಗಡಿಯ ಗೋದಾಮಿನಲ್ಲಿ ದುಡಿದು, ಬಾಡಿಗೆ ಕಟ್ಟಿ, ತಂಗಿಯ ಬಿ.ಎಸ್‌ಸಿ. ಶುಲ್ಕಕ್ಕೆ ಕಳಿಸಿದ ಮೇಲೆ ನನ್ನ ಬಳಿ ಉಳಿದದ್ದು 350 ಯೂರೋ. ಆ ಹಣಕ್ಕೆ ಹಳೆಯದು ಮಾತ್ರ ಸಿಗುತ್ತದೆ.

ಮನೆಗೆ ಫೋನ್ ಮಾಡಿದೆ. ‘ಬಂದೂಕಾ?’ ಎಂದರು ಅಬ್ಬಾ. ಸ್ವಲ್ಪ ಹೊತ್ತು ಮಾತಿಲ್ಲ. ‘ಬೇಟಾ, ನೀನಿರುವುದು ಪರದೇಶ. ನಿನ್ನ ಹೆಸರು, ನಿನ್ನ ಗಡ್ಡ, ಕೈಯಲ್ಲಿ ಬಂದೂಕು. ಒಂದು ಫೋಟೋ ಯಾರದೋ ಮೊಬೈಲಿಗೆ ಹೋದರೆ ಅದಕ್ಕೆ ಅವರು ಏನು ಬರೆಯುತ್ತಾರೆ ಅಂತ ಯೋಚಿಸಿದ್ದೀಯಾ?’

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ‘ಏನೂ ಆಗಲ್ಲ ಅಬ್ಬಾ’ ಎಂಬ ಮಾತು ಅದಕ್ಕೆ ಉತ್ತರವಲ್ಲ. ಆ ರಾತ್ರಿ ಕಾನೂನು ಓದಿ ಒಂದು ಪುಟದಲ್ಲಿ ಬರೆದು ಕಳಿಸಿದೆ. ಜರ್ಮನಿಯಲ್ಲಿ 7.5 ಜೂಲ್ ಮೀರದ, ಐದು ಮೂಲೆಯ ಚೌಕಟ್ಟಿನೊಳಗೆ ‘ಎಫ್’ ಅಕ್ಷರ ಕೊರೆದ ಏರ್ ರೈಫಲ್ ಅನ್ನು 18 ತುಂಬಿದವರು ಪರವಾನಗಿ ಇಲ್ಲದೆ ಕೊಳ್ಳಬಹುದು. ರಸ್ತೆಯಲ್ಲಿ ಒಯ್ಯುವಾಗ ಪೆಲೆಟ್ ತುಂಬಿರಬಾರದು, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಮನೆಯಲ್ಲೂ ಬೀಗದೊಳಗೆ. ನಾನು ಹೊಡೆಯುವುದು ಸಂಘದ ರೇಂಜ್‌ನಲ್ಲಿ ಮಾತ್ರ. ಭಾರತದಲ್ಲೂ 0.177 ಇಂಚು ವ್ಯಾಸ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಆದರೆ ವಿದೇಶದಿಂದ ತರಲು ಅನುಮತಿ ಬೇಕು, ಬ್ಯಾಗಿನಲ್ಲಿಟ್ಟು ವಿಮಾನ ಹತ್ತುವಂತಿಲ್ಲ. ಆದ್ದರಿಂದ ಅದು ಇಲ್ಲೇ ಉಳಿಯುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದೆ: ರೈಫಲ್ ಹಿಡಿದ ಫೋಟೋ ಎಲ್ಲೂ ಹಾಕುವುದಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ನಮ್ಮ ಅಬ್ಬಾ ದರ್ಜಿ. ಮೂವತ್ತು ವರ್ಷದಲ್ಲಿ ಹೊಲಿಗೆ ಮಷಿನ್ ಒಂದನ್ನೂ ಹೊಸದಾಗಿ ಕೊಂಡವರಲ್ಲ. ಹಳೆಯ ಮಷಿನ್ ನೋಡಲು ಹೋದರೆ ಬಣ್ಣ ನೋಡುವುದಿಲ್ಲ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಕಿವಿಗೊಡುತ್ತಾರೆ, ಶಟಲ್ ಬಿಚ್ಚಿ ಬೆರಳಾಡಿಸುತ್ತಾರೆ, ಜೇಬಿನಲ್ಲಿ ಒಯ್ದ ಬಟ್ಟೆ ಚೂರಿನ ಮೇಲೆ ಒಂದು ಗೆರೆ ಹೊಲಿಯುತ್ತಾರೆ. ಅಂದು ಕೇಳಿದ್ದು ಮೂರೇ ಪ್ರಶ್ನೆ. ‘ಪಾರ್ಟ್ ಸಿಗುತ್ತದಾ? ರಿಪೇರಿ ಮಾಡುವವನು ಹತ್ತಿರದಲ್ಲಿದ್ದಾನಾ? ನಿನ್ನ ಮೈಗೆ ಹೊಂದುತ್ತದಾ? ಈ ಮೂರಕ್ಕೂ ಹೌದು ಅಂತಾದರೆ ತಗೋ. ಹೊಳಪು ಕೊನೆಗೆ ನೋಡು.’

ನನ್ನ ಮುಂದೆ ಮೂರು ರೈಫಲ್‌ಗಳಿದ್ದವು. ಮೂರೂ ಒಂದು ಕಾಲದಲ್ಲಿ ದೊಡ್ಡ ಸ್ಪರ್ಧೆಗಳಲ್ಲಿ ಮೆರೆದ ಮಾದರಿಗಳೇ.

ಮೊದಲನೆಯದು ಡಯಾನಾ 75. ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಸ್ಪ್ರಿಂಗ್ ರೈಫಲ್‌ನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟ್ ಅನ್ನು ತಳ್ಳುತ್ತದೆ. ಪಿಸ್ಟನ್ ಮುಂದೆ ಹೋದಾಗ ರೈಫಲ್ ಹಿಂದೆ ಒದೆಯಲೇಬೇಕು. ನ್ಯೂಟನ್‌ನ ಮೂರನೇ ನಿಯಮ. ಡಯಾನಾದ ಗಿಸ್ ವ್ಯವಸ್ಥೆಯಲ್ಲಿ ಇದಕ್ಕೆ ಜಾಣ ಉಪಾಯವಿದೆ. ಎರಡು ಪಿಸ್ಟನ್‌ಗಳು ಏಕಕಾಲಕ್ಕೆ ವಿರುದ್ಧ ದಿಕ್ಕಿಗೆ ಓಡುತ್ತವೆ, ಒಂದರ ಒದೆತವನ್ನು ಇನ್ನೊಂದು ತಿನ್ನುತ್ತದೆ. ಆದರೆ ಇಂಥ ಹಳೆಯ ರೈಫಲ್‌ಗಳ ಸೀಲ್‌ಗಳು ವಯಸ್ಸಾದಂತೆ ಪುಡಿಯಾಗುತ್ತವೆ. ಬದಲಿಸುವಾಗ ಎರಡು ಪಿಸ್ಟನ್‌ಗಳ ಹಲ್ಲುಗಳನ್ನು ಸರಿಯಾಗಿ ಕೂಡಿಸಬೇಕು. ಅದು ಪಳಗಿದ ಕೈಯ ಕೆಲಸ. ನಮ್ಮ ಸಂಘದಲ್ಲಿ ಅದನ್ನು ಬಿಚ್ಚುವವರು ಇರಲಿಲ್ಲ. ಎರಡನೇ ಪ್ರಶ್ನೆಗೆ ಉತ್ತರ ‘ಇಲ್ಲ’.

ಎರಡನೆಯದು 1970ರ ದಶಕದ ವಾಲ್ಟರ್ ಎಲ್‌ಜಿಆರ್. ಇದರಲ್ಲಿ ಸ್ಪ್ರಿಂಗ್ ಬದಲು ಪಂಪ್. ಬದಿಯ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದರೆ ಗಾಳಿ ಒಳಗೆ ಕೂಡುತ್ತದೆ, ಟ್ರಿಗರ್ ಒತ್ತಿದಾಗ ಹೊರಡುತ್ತದೆ. ಒದೆತವೇ ಇಲ್ಲ ಎನ್ನಬಹುದು. ಮರದ ಭಾಗವೂ ಚೆನ್ನಾಗಿತ್ತು. ಆದರೆ ಹಿಂದಿನ ಡಯೋಪ್ಟರ್ ಇರಲಿಲ್ಲ. ಕಣ್ಣಿಟ್ಟು ನೋಡುವ ಸಣ್ಣ ರಂಧ್ರದ ಆ ಸಾಧನ ಪ್ರತ್ಯೇಕವಾಗಿ ಕೊಂಡರೆ ನನ್ನ 350 ಮೀರುತ್ತಿತ್ತು. ಹಳೆಯ ರೈಫಲ್‌ಗಳ ಬೆಲೆಯಲ್ಲಿ ಹೊಸಬರ ಕಣ್ಣು ತಪ್ಪುವ ಜಾಗ ಇದು. ಡಯೋಪ್ಟರ್ ಸೇರಿದೆಯೇ ಎಂದು ಮೊದಲೇ ಕೇಳಬೇಕು.

ಮೂರನೆಯದು ಫೈನ್‌ವೆರ್ಕ್‌ಬಾವ್ 300ಎಸ್. ಮರದ ಮೇಲೆ ಗೀರುಗಳು, ಕೆನ್ನೆ ಒರಗುವ ಜಾಗದಲ್ಲಿ ಪಾಲಿಶ್ ಸವೆದು ಹೋಗಿತ್ತು. ಇದರ ಉಪಾಯ ಸರಳ. ನಳಿಗೆ, ಸಿಲಿಂಡರ್ ಎಲ್ಲವೂ ಮರದೊಳಗೆ ಹಳಿಯ ಮೇಲೆ ಕೂತಿವೆ. ಹೊಡೆದಾಗ ಆ ಇಡೀ ಲೋಹದ ಭಾಗ ಕೆಲವೇ ಮಿಲಿಮೀಟರ್ ಹಿಂದೆ ಜಾರುತ್ತದೆ; ಭುಜಕ್ಕೆ ತಾಗಿರುವ ಮರ ಅಲುಗುವುದಿಲ್ಲ. ಸ್ಪ್ರಿಂಗ್, ಸೀಲ್ ಇಂದಿಗೂ ಸಿಗುತ್ತವೆ. ಸಂಘದಲ್ಲಿ ಇಬ್ಬರು ಹಿರಿಯರು ಇದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲರು. ಡಯೋಪ್ಟರ್ ಸಹಿತ 300 ಯೂರೋ ಹೇಳಿದರು.

ಇಷ್ಟೇ ಹಣಕ್ಕೆ ಹೊಸ ಬಗೆಯ, ಗಾಳಿ ಸಿಲಿಂಡರ್ ಇರುವ ರೈಫಲ್ ಏಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ಆ ಸಿಲಿಂಡರ್‌ಗಳಿಗೆ ಬಳಕೆಯ ಅವಧಿ ನಿಗದಿಯಾಗಿರುತ್ತದೆ. ಅಗ್ಗಕ್ಕೆ ಸಿಗುವವುಗಳಲ್ಲಿ ಅವಧಿ ಮುಗಿದ ಸಿಲಿಂಡರ್‌ಗಳೇ ಹೆಚ್ಚು. ಸ್ಪ್ರಿಂಗ್ ರೈಫಲ್‌ಗೆ ಆ ಚಿಂತೆ ಇಲ್ಲ, ಬೇಕಾದದ್ದು ನಮ್ಮ ತೋಳಿನ ಬಲ.

ಮಾರುವವರು 78 ವರ್ಷದ ಅಜ್ಜ, ಪಕ್ಕದ ಊರಿನ ಸಂಘದವರು. ದೃಷ್ಟಿ ಮಂದವಾಗಿ ಹೊಡೆಯುವುದನ್ನು ಬಿಟ್ಟಿದ್ದರು. ಅವರ ರೇಂಜ್‌ನಲ್ಲೇ ಪರೀಕ್ಷೆ ಮಾಡಿದೆ. ನಿಮಗೆ ಎಂದಾದರೂ ಬೇಕಾಗಬಹುದೆಂದು ಕ್ರಮವನ್ನು ಬರೆಯುತ್ತೇನೆ. ಮೊದಲು ‘ಎಫ್’ ಗುರುತು. ಆಮೇಲೆ ಮರದಲ್ಲಿ ಬಿರುಕು, ನಳಿಗೆಯ ತುದಿಯಲ್ಲಿ ಪೆಟ್ಟು ಇದೆಯೇ ಎಂದು ನೋಡುವುದು. ಬದಿಯ ಸನ್ನೆಯನ್ನು ನಿಧಾನವಾಗಿ ಎಳೆದಾಗ ಕರಕರ ಸದ್ದು ಬರಬಾರದು. ಪೆಲೆಟ್ ಹಾಕದೆ ಸ್ಪ್ರಿಂಗ್ ರೈಫಲ್ ಹೊಡೆಯಬಾರದು. ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಬಡಿದು ಹಾಳಾಗುತ್ತದೆ. ಪೆಲೆಟ್ ಹಾಕುವ ಬಾಯಿಯ ಸಂದಿನ ಮೇಲೆ ತೆಳು ಟಿಶ್ಯೂ ಚೂರು ಇಟ್ಟು ಹೊಡೆದೆ. ಅದು ಹಾರಿದರೆ ಸೀಲ್ ಸೋರುತ್ತಿದೆ ಎಂದರ್ಥ. ಹಾರಲಿಲ್ಲ. ಕೊನೆಗೆ ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ ಐದು ಹೊಡೆತ. ಎನ್‌ಸಿಸಿಯ ಅದೇ ಗ್ರೂಪಿಂಗ್. ಐದೂ ಸೇರಿ ಒಂದೇ ತೂತು, ಒಂದು ಕಡಲೆಕಾಳು ಮುಚ್ಚುವಷ್ಟು.

ಉಳಿದದ್ದು ಮೂರನೇ ಪ್ರಶ್ನೆ. ನಿಂತು, ಕಣ್ಣು ಮುಚ್ಚಿ, ಭುಜಕ್ಕೆ ಏರಿಸಿ, ಕಣ್ಣು ತೆರೆದಾಗ ಡಯೋಪ್ಟರ್‌ನ ರಂಧ್ರ ನೇರ ಕಣ್ಣೆದುರಿಗೆ ಇರಬೇಕು. ಕತ್ತು ಬಗ್ಗಿಸಿ ಹುಡುಕುವಂತಿರಬಾರದು. ಹತ್ತು ಸಲ ಮಾಡಿದೆ. ಹಿಂಬದಿಯ ತಟ್ಟೆಯನ್ನು ತುಸು ಇಳಿಸಿದ ಮೇಲೆ ಹೊಂದಿತು. ಸುಮಾರು 5 ಕೆ.ಜಿ. ತೂಕ ಎಡಗೈ ಮೇಲೆ ಸುಮ್ಮನೆ ಕೂತಿತು.

ಅಜ್ಜ ಅಷ್ಟೂ ಹೊತ್ತು ನೋಡುತ್ತಲೇ ಇದ್ದರು. ‘ಹೀಗೆ ನೋಡುವುದನ್ನು ಯಾರು ಕಲಿಸಿದರು?’ ಎಂದು ಕೇಳಿದರು. ನಮ್ಮ ತಂದೆ ದರ್ಜಿ ಎಂದೆ. ಅವರು ನಕ್ಕು, ಯಾವ ವರ್ಷ ಯಾವ ಸ್ಪ್ರಿಂಗ್ ಬದಲಿಸಿದೆ ಎಂದು ಬರೆದಿಟ್ಟಿದ್ದ ಸಣ್ಣ ಪುಸ್ತಕವನ್ನೂ ಒಂದು ಡಬ್ಬಿ ಪೆಲೆಟ್ ಅನ್ನೂ ಕೊಟ್ಟು 280 ಯೂರೋ ಸಾಕೆಂದರು. ಒಂದೇ ಷರತ್ತು: ಗೋಡೆಗೆ ನೇತುಹಾಕಬಾರದು, ಹೊಡೆಯಬೇಕು.

ಈ ರೈಫಲ್ ತಯಾರಾದದ್ದು ನೆಕ್ಕರ್ ನದಿ ದಂಡೆಯ ಓಬರ್ನ್‌ಡಾರ್ಫ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಹೋಗಿ ನೋಡಿಬಂದೆ. ಯುದ್ಧದ ರೈಫಲ್‌ಗಳಿಗೆ ಹೆಸರಾಗಿದ್ದ ಮೌಸರ್ ಕಾರ್ಖಾನೆ ಇದ್ದದ್ದು ಇದೇ ಊರಿನಲ್ಲಿ. ಎರಡನೇ ಮಹಾಯುದ್ಧದ ನಂತರ ಫ್ರೆಂಚ್ ಸೇನೆ ಅದನ್ನು ಕೆಡವಿತು. ಅಲ್ಲಿ ದುಡಿದಿದ್ದ ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್‌ಸ್ಟ್ ಆಲ್ಟನ್‌ಬರ್ಗರ್ ಎಂಬ ಇಬ್ಬರು ಎಂಜಿನಿಯರ್‌ಗಳು ಆಮೇಲೆ ಫೈನ್‌ವೆರ್ಕ್‌ಬಾವ್ ಕಟ್ಟಿದರು. ಸೂಕ್ಷ್ಮ ಯಂತ್ರಗಳನ್ನು ಮಾಡುವುದು ಎಂಬುದು ಆ ಹೆಸರಿನ ಅರ್ಥ. ಮನುಷ್ಯರ ಕಡೆ ತಿರುಗುವ ಬಂದೂಕುಗಳನ್ನು ಮಾಡಿದ ಊರಿನ ಕೈಚಳಕ ಕಾಗದದ ಚುಕ್ಕೆಯತ್ತ ತಿರುಗಿತು. ಇದನ್ನು ಅಬ್ಬಾಗೆ ಹೇಳಿದಾಗ ‘ಕೈ ಅದೇ, ಕೆಲಸ ಬೇರೆ’ ಎಂದರು. ಅಂದಿನಿಂದ ಅವರು ಅದನ್ನು ಬಂದೂಕು ಎನ್ನುವುದಿಲ್ಲ, ‘ನಿನ್ನ ಮಷಿನ್’ ಎನ್ನುತ್ತಾರೆ.

ಹಳೆಯದರಿಂದ ಅಂಕ ಕಡಿಮೆಯಾಗುವುದಿಲ್ಲವೇ? ಲೆಕ್ಕ ನೀವೇ ಮಾಡಿ. ಪೆಲೆಟ್‌ನ ತೂಕ 0.53 ಗ್ರಾಂ, ಶಕ್ತಿ 7.5 ಜೂಲ್ ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 168 ಮೀಟರ್. ಗಾಳಿಯ ತಡೆ ಬಿಟ್ಟರೆ 10 ಮೀಟರ್ ದಾಟಲು 0.06 ಸೆಕೆಂಡ್, ಅಷ್ಟರಲ್ಲಿ ಗುರುತ್ವದಿಂದ ಬೀಳುವುದು ಸುಮಾರು 1.7 ಸೆಂ.ಮೀ. ಇದು ಪ್ರತಿ ಸಲವೂ ಒಂದೇ ಆಗಿರುವುದರಿಂದ ಡಯೋಪ್ಟರ್ ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಕಡಲೆಕಾಳಿನಷ್ಟು ಜಾಗದಲ್ಲಿ ಐದು ಹೊಡೆಯುವ ರೈಫಲ್‌ನ ಮುಂದೆ ತಪ್ಪುವುದು ನನ್ನ ಉಸಿರು, ನನ್ನ ಮೊಣಕಾಲು. ಪೆಲೆಟ್ ನಳಿಗೆ ದಾಟುವವರೆಗೂ ಅಲುಗದೆ ನಿಲ್ಲುವುದನ್ನು ಸ್ಪ್ರಿಂಗ್ ರೈಫಲ್ ಕಟ್ಟುನಿಟ್ಟಾಗಿ ಕಲಿಸುತ್ತದೆ. 40 ಹೊಡೆತಕ್ಕೆ 330ರ ಆಸುಪಾಸಿನಲ್ಲಿದ್ದ ನನ್ನ ಅಂಕ ಚಳಿಗಾಲ ಮುಗಿಯುವಷ್ಟರಲ್ಲಿ 351 ತಲುಪಿತು. ತಂಡದಲ್ಲಿ ಜಾಗವೂ ಉಳಿಯಿತು.

ನೀವು ರೈಫಲ್ ಕೊಳ್ಳದೇ ಇರಬಹುದು. ಆದರೆ ಹಳೆಯ ಲ್ಯಾಪ್‌ಟಾಪ್, ಹಳೆಯ ಬೈಕ್, ಅಣ್ಣಂದಿರು ಓದಿ ಬಿಟ್ಟ ಪುಸ್ತಕಗಳನ್ನು ಕೊಳ್ಳುವ ದಿನ ನಮ್ಮಂಥ ಮನೆಗಳಲ್ಲಿ ಬಂದೇ ಬರುತ್ತದೆ. ಹಳೆಯದೆಂದು ತಲೆ ತಗ್ಗಿಸಬೇಡಿ, ಹೊಳಪು ಕಂಡು ಕೈ ಚಾಚಬೇಡಿ. ಪಾರ್ಟ್, ರಿಪೇರಿ, ಹೊಂದಿಕೆ. ಈ ಮೂರನ್ನು ಕೇಳಿ. ಮನೆಯವರು ಭಯಪಟ್ಟರೆ ವಾದಕ್ಕೆ ಇಳಿಯಬೇಡಿ, ಓದಿ ತಿಳಿದು ಬರೆದು ಕೊಡಿ.

ಮುಂದಿನ ವರ್ಷ ಓದು ಮುಗಿಯುತ್ತದೆ. ಸಂಘದಲ್ಲಿ ಹೊಸದಾಗಿ ಸೇರಿದ ಹದಿನೇಳರ ಹುಡುಗಿಯೊಬ್ಬಳು ಸರದಿಗೆ ಕಾಯುತ್ತಿದ್ದಾಳೆ. ನಾನು ಊರಿಗೆ ಹೊರಡುವ ಹೊತ್ತಿಗೆ ಅವಳಿಗೆ 18 ತುಂಬಿರುತ್ತದೆ. ರೈಫಲ್ ಅವಳಿಗೆ, ಅದೇ 280 ಯೂರೋಗೆ, ಅಜ್ಜನ ಆ ಸಣ್ಣ ಪುಸ್ತಕದ ಸಹಿತ. ಅದರಲ್ಲಿ ಈಗ ನನ್ನ ಅಕ್ಷರದಲ್ಲೂ ಎರಡು ಸಾಲುಗಳಿವೆ.